ಗುಜರಾತಿ ಕಥಾಪಾತ್ರಗಳ ಮರುಹುಟ್ಟು

ಜನಕ್ಕೆ ಮೊದಲೇ ಪರಿಚಿತವಾದ ಪಾತ್ರವನ್ನೋ ಕಥೆಯನ್ನೋ ಇನ್ನೊಂದು ಮಾಧ್ಯಮದಲ್ಲಿ ಹೊಸದಾಗಿ ಶುರುಮಾಡುವುದಕ್ಕೆ ಇಂದು ರೀಬೂಟ್ ಎಂಬ ಹೆಸರಿದೆ. ಗುಜರಾತಿನಲ್ಲಿ ಈ ಕೆಲಸ ಕ್ಯಾಮೆರಾ ಬರುವುದಕ್ಕೂ ಬಹಳ ಹಿಂದಿನದು. ಅಹಮದಾಬಾದ್, ವಡೋದರಾ, ಸೂರತ್ ನಗರಗಳು ಕವಿಗಳನ್ನೂ ಕಾದಂಬರಿಕಾರರನ್ನೂ ಕೊಟ್ಟವು. ಅವರ ಪಾತ್ರಗಳಿಗೆ ಎರಡನೇ ಜನ್ಮ ಕೊಡುವ ಬಂಡವಾಳವೂ ಸ್ಟುಡಿಯೋಗಳೂ ಮಾತ್ರ ಬಹುಕಾಲ ಮುಂಬೈಯಲ್ಲಿದ್ದವು. ಹೀಗಾಗಿ ಗುಜರಾತಿ ಪಾತ್ರವೊಂದು ಮರುಹುಟ್ಟು ಪಡೆಯಿತೆಂದರೆ ಅದು ಸಾಮಾನ್ಯವಾಗಿ ಊರು ಬಿಟ್ಟಿತೆಂದೇ ಅರ್ಥ.

ಆರಂಭವನ್ನು ವಡೋದರಾದಲ್ಲಿ ಗುರುತಿಸಬಹುದು. 17ನೇ ಶತಮಾನದ ಕವಿ ಪ್ರೇಮಾನಂದ ಭಟ್ಟ ಈ ಊರಿನವನು. ಪುರಾಣಕಥೆಗಳನ್ನು ಆಖ್ಯಾನಗಳಾಗಿ ಕಟ್ಟಿ ಜನರ ಮುಂದೆ ಹಾಡುವ ಮಾಣಭಟ್ಟರ ಪರಂಪರೆ ಅವನದು. ಬೆರಳುಗಳಿಗೆ ಉಂಗುರ ತೊಟ್ಟು, ಲೋಹದ ಕೊಡದ ಮೇಲೆ ತಾಳ ಹಾಕುತ್ತಾ ಕಥೆ ಹೇಳುವ ಈ ಕಲೆ ನಮ್ಮ ಹರಿಕಥೆಗೆ ಹತ್ತಿರದ್ದು. 20ನೇ ಶತಮಾನದಲ್ಲಿ ಅದನ್ನು ಉಳಿಸಿಕೊಂಡು ಬಂದ ಧಾರ್ಮಿಕಲಾಲ್ ಪಂಡ್ಯ ಅವರೂ ವಡೋದರಾದವರೇ. ನಳಾಖ್ಯಾನ, ಉಷಾ ಅನಿರುದ್ಧರ ಕಥೆಯಾದ ಓಖಾಹರಣ, ಸುದಾಮಚರಿತ್ರ, ಇವೆಲ್ಲ ಕೇಳುಗರಿಗೆ ಮೊದಲೇ ಗೊತ್ತಿದ್ದ ಕಥೆಗಳು. ಪ್ರೇಮಾನಂದ ಅವುಗಳೊಳಗೆ ತನ್ನ ಕಾಲದ ಗುಜರಾತಿ ಮನೆಯನ್ನು ತಂದು ಕೂರಿಸಿದ.

ಅವನ 'ಕುಂವರಬಾಯಿನೂಂ ಮಾಮೇರೂಂ' ಇದಕ್ಕೆ ಒಳ್ಳೆಯ ಉದಾಹರಣೆ. ಭಕ್ತಕವಿ ನರಸಿಂಹ ಮೆಹ್ತಾನ ಮಗಳ ಸೀಮಂತ. ತವರಿನಿಂದ ಉಡುಗೊರೆ ಬರಬೇಕು. ಅಪ್ಪನ ಕೈ ಖಾಲಿ. ಗಂಡನ ಮನೆಯ ಅಜ್ಜಿ ಬೇಕಾದ ವಸ್ತುಗಳ ಪಟ್ಟಿಯನ್ನು ಬೇಕೆಂದೇ ಉದ್ದ ಮಾಡಿಸುತ್ತಾಳೆ. ಬಡವನಿಂದ ಏನಾದೀತು ಎಂಬ ಕುಹಕದಲ್ಲಿ ಕೊನೆಗೆ ಎರಡು ಕಲ್ಲನ್ನೂ ಸೇರಿಸಿಬಿಡುತ್ತಾಳೆ. ಕೃಷ್ಣ ವರ್ತಕನ ವೇಷದಲ್ಲಿ ಬಂದು ಪಟ್ಟಿಯಲ್ಲಿದ್ದುದನ್ನೆಲ್ಲ ಸುರಿಯುತ್ತಾನೆ. ಕಲ್ಲುಗಳು ಚಿನ್ನದವಾಗಿ ಬರುತ್ತವೆ. ಪ್ರೇಮಾನಂದನಿಗಿಂತ ಮೊದಲೂ ಈ ಪ್ರಸಂಗವನ್ನು ಹಾಡಿದವರಿದ್ದರು. ಉಳಿದುಕೊಂಡದ್ದು ಮಾತ್ರ ಅವನ ರೂಪ. ಪವಾಡಕ್ಕಿಂತ ಬೀಗರ ಮನೆಯ ಕೊಂಕುಮಾತು ಅವನ ಕೈಯಲ್ಲಿ ಚೆನ್ನಾಗಿ ಪಳಗಿತ್ತು. 1932ರಲ್ಲಿ ಬಂದ ಮೊದಲ ಗುಜರಾತಿ ವಾಕ್ಚಿತ್ರದ ನಾಯಕನೂ ಇದೇ ನರಸಿಂಹ ಮೆಹ್ತಾ. ನಾನುಭಾಯಿ ವಕೀಲ್ ನಿರ್ದೇಶನದ, ಸಾಗರ್ ಮೂವಿಟೋನ್ ಸಂಸ್ಥೆಯ ಆ ಚಿತ್ರ ಗಾಂಧೀಜಿಯ ದೃಷ್ಟಿಗೆ ಹೊಂದುವಂತೆ ಪವಾಡಗಳನ್ನೇ ಬದಿಗಿಟ್ಟಿತು. ಸಂತನ ಕಥೆಯಿಂದ ದೇವರ ಚಮತ್ಕಾರ ತೆಗೆದು ಚಿತ್ರ ಮಾಡುವುದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ.

ಪ್ರೇಮಾನಂದನ ಹೆಸರಿಗೇ ಒಂದು ವಿಚಿತ್ರ ಮರುಹುಟ್ಟು ಆಯಿತು. ಅವನು ಬರೆದವೆಂದು ಕೆಲವು ನಾಟಕಗಳು 19ನೇ ಶತಮಾನದ ಕೊನೆಯ ಭಾಗದಲ್ಲಿ ಅಚ್ಚಾದವು. ಅವು ಅವನವಲ್ಲ, ಈಚಿನವರ ಕೈಕೆಲಸ ಎಂದು ನರಸಿಂಹರಾವ್ ದಿವೇಟಿಯಾ ಮೊದಲಾದ ವಿದ್ವಾಂಸರು ವಾದಿಸಿದರು. ಇಂದು ಆ ಅಭಿಪ್ರಾಯವೇ ನಿಂತಿದೆ.

ಸೂರತ್ ಕೊಟ್ಟದ್ದು ಕಾದಂಬರಿಯನ್ನು. ಅಲ್ಲಿ ಶಾಲಾ ಮುಖ್ಯೋಪಾಧ್ಯಾಯರಾಗಿದ್ದ ನಂದಶಂಕರ ಮೆಹ್ತಾ ಅವರ 'ಕರಣ ಘೇಲೋ' 1866ರಲ್ಲಿ ಪ್ರಕಟವಾಯಿತು; ಗುಜರಾತಿಯ ಮೊದಲ ಕಾದಂಬರಿ ಎಂಬ ಸ್ಥಾನ ಅದಕ್ಕಿದೆ. ಮಂತ್ರಿ ಮಾಧವನ ಹೆಂಡತಿಯನ್ನು ಅಪಹರಿಸಿ, ಅವನ ಸೇಡಿನಿಂದ ಅಲ್ಲಾವುದ್ದೀನ್ ಖಿಲ್ಜಿಯ ಸೈನ್ಯವನ್ನು ಮೈಮೇಲೆ ಎಳೆದುಕೊಂಡ ಕೊನೆಯ ವಾಘೇಲಾ ದೊರೆಯ ಕಥೆ ಅದು. ವಂಶಕೀರ್ತಿ ಹಾಡುವ ಚಾರಣರ ಹಾಡುಗಳಲ್ಲಿ, ಜೈನ ಪ್ರಬಂಧಗಳಲ್ಲಿ ಆ ಕಥೆ ಅದಾಗಲೇ ಓಡಾಡಿಕೊಂಡಿತ್ತು. ದೊರೆಯ ಮಗಳು ದೇವಲದೇವಿಯನ್ನು ಅಮೀರ್ ಖುಸ್ರೋ ಫಾರಸಿ ಕಾವ್ಯದ ನಾಯಕಿಯಾಗಿ ಮಾಡಿದ್ದ. 1924ರಲ್ಲಿ ಎಸ್. ಎನ್. ಪಾಟಣಕರ್ ಈ ಕಥೆಯನ್ನು ಮೂಕಿಚಿತ್ರವಾಗಿಸಿದರು. ಅದೇ ಸೂರತ್ತಿನ ಮಕ್ಕಳ ಪತ್ರಿಕೆ 'ಗಾಂಡೀವ' 1936ರಿಂದ ಹರಿಪ್ರಸಾದ ವ್ಯಾಸರ ಬಕೋರ್ ಪಟೇಲ್ ಕಥೆಗಳನ್ನು ಪ್ರಕಟಿಸಿತು. ಆಡಿನ ಮುಖದ ಪಟೇಲ, ಅವನ ಹೆಂಡತಿ ಶಕರಿ, ಹುಲಿ ವಕೀಲ, ಆನೆ ಗೆಳೆಯ ಇರುವ ಆ ಲೋಕದಲ್ಲಿ ಮನುಷ್ಯರೇ ಇಲ್ಲ.

ಕನ್ನಡಿಗರು ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು 'ಪೃಥಿವೀವಲ್ಲಭ'. ಕನ್ಹಯ್ಯಾಲಾಲ್ ಮುನ್ಷಿ ಹುಟ್ಟಿದ್ದು ಭರೂಚ್‌ನಲ್ಲಿ, ಓದಿದ್ದು ವಡೋದರಾ ಕಾಲೇಜಿನಲ್ಲಿ. ಈ ಕಾದಂಬರಿಯ ನಾಯಕ ಮಾಳವದ ಪರಮಾರ ದೊರೆ ಮುಂಜ. ಅವನನ್ನು ಸೆರೆಹಿಡಿಯುವ ಖಳನಾಯಕ ತೈಲಪ. ನಮಗೆ ಈ ತೈಲಪ ಕಲ್ಯಾಣ ಚಾಲುಕ್ಯರ ರಾಜ್ಯ ಕಟ್ಟಿದ ಇಮ್ಮಡಿ ತೈಲಪ, ರನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟವನು. ಮುನ್ಷಿಯವರಲ್ಲಿ ಅವನು ಅಸೂಯೆಯ, ಸಣ್ಣ ಮನಸ್ಸಿನ ದೊರೆ. ಸೆರೆಯಲ್ಲೂ ನಗುತ್ತಿರುವ ಮುಂಜನಿಗೆ ತೈಲಪನ ಕಠೋರ ವಿರಾಗಿಣಿ ಅಕ್ಕ ಮೃಣಾಲವತಿ ಮನಸೋಲುತ್ತಾಳೆ. ಮುಂಜ ಆನೆಯ ಕಾಲಿಗೆ ಸಿಕ್ಕು ಸಾಯುತ್ತಾನೆ. ಈ ಚಿತ್ರಣ ಪೂರ್ತಿ ಮುನ್ಷಿಯವರದ್ದಲ್ಲ. 14ನೇ ಶತಮಾನದ ಆರಂಭದಲ್ಲಿ ಜೈನ ವಿದ್ವಾಂಸ ಮೇರುತುಂಗ ಬರೆದ 'ಪ್ರಬಂಧಚಿಂತಾಮಣಿ'ಯಲ್ಲೇ ತೈಲಪ ತಿಲಂಗ ದೇಶದ ಅರಸನಾಗಿ, ಮುಂಜನ ಪೀಡಕನಾಗಿ ಕಾಣಿಸಿಕೊಂಡಿದ್ದ. ಯುದ್ಧ ಗೆದ್ದವನು ತೈಲಪ. ಕಥೆ ಹೇಳುವ ಹಕ್ಕು ಸೋತವರ ಕಡೆಗೆ ಹೋಯಿತು. ಮಣಿಲಾಲ್ ಜೋಶಿ 1924ರಲ್ಲಿ ಮುನ್ಷಿಯವರ ಕಾದಂಬರಿಯನ್ನು ಮೂಕಿಚಿತ್ರ ಮಾಡಿದರು. 1943ರಲ್ಲಿ ಸೊಹ್ರಾಬ್ ಮೋದಿ ತಾವೇ ಮುಂಜನಾಗಿ, ದುರ್ಗಾ ಖೋಟೆಯವರನ್ನು ಮೃಣಾಲವತಿಯಾಗಿ ನಿಲ್ಲಿಸಿ ಹಿಂದಿಯಲ್ಲಿ ತೆಗೆದರು. 2018ರ ಸೋನಿ ಧಾರಾವಾಹಿಯಲ್ಲಿ ಮೃಣಾಲ ಕತ್ತಿ ಹಿಡಿದ ಮಾನ್ಯಖೇಟದ ರಾಜಕುಮಾರಿ. ವಿರಾಗ ಮುರಿದು ಬೀಳುವುದೇ ಕಾದಂಬರಿಯ ಜೀವವಾಗಿತ್ತು. ಯೋಧೆಗೆ ಮುರಿದುಕೊಳ್ಳಲು ವಿರಾಗವೇ ಇರಲಿಲ್ಲ. ಮೂರು ರೂಪಗಳಲ್ಲಿ ಇದೇ ತೆಳುವಾದದ್ದು ಎನ್ನಲು ಅಡ್ಡಿಯಿಲ್ಲ.

ಮುಂಬೈಯನ್ನು ದಾಟಿ ನೇರವಾಗಿ ಕರ್ನಾಟಕಕ್ಕೆ ಬಂದ ಕಥೆಯೂ ಒಂದಿದೆ. ಅಹಮದಾಬಾದಿನ ವಿದ್ಯುತ್ ಕಂಪನಿಯಲ್ಲಿ ಮೀಟರ್ ರೀಡರ್ ಕೆಲಸ ಮಾಡಿದ್ದ, ಮುಂದೆ 1985ರ ಜ್ಞಾನಪೀಠ ಪಡೆದ ಪನ್ನಾಲಾಲ್ ಪಟೇಲ್ 1941ರಲ್ಲಿ 'ಮಳೇಲಾ ಜೀವ' ಬರೆದರು. ಜಾತ್ರೆಯ ತೊಟ್ಟಿಲಲ್ಲಿ ಅಕಸ್ಮಾತ್ ಜೊತೆಯಾಗಿ ಕೂತ ಪಟೇಲರ ಕಾನಜಿ ಮತ್ತು ಕ್ಷೌರಿಕ ಜಾತಿಯ ಜೀವಿಯ ಪ್ರೇಮಕ್ಕೆ ಜಾತಿ ಅಡ್ಡ ಬರುತ್ತದೆ. ಅವಳನ್ನು ಕಣ್ಣೆದುರಿಗೇ ಇಟ್ಟುಕೊಳ್ಳಲು ಕಾನಜಿ ತನ್ನೂರಿನ ಧೂಳನಿಗೆ ಮದುವೆ ಮಾಡಿಸುತ್ತಾನೆ. ಜೀವಿ ತಾನು ಸಾಯಲೆಂದು ವಿಷ ಬೆರೆಸಿಟ್ಟ ರೊಟ್ಟಿಯನ್ನು ಗಂಡ ತಿಂದುಬಿಡುತ್ತಾನೆ. ಮನ್ಹರ್ ರಸ್ಕಪೂರ್ 1956ರಲ್ಲಿ ಇದನ್ನು ಗುಜರಾತಿಯಲ್ಲಿ ಚಿತ್ರ ಮಾಡಿದರು. ನಲವತ್ತು ವರ್ಷದ ನಂತರ, 1996ರಲ್ಲಿ, ಟಿ. ಎಸ್. ನಾಗಾಭರಣ ಅದೇ ಕಾದಂಬರಿಯನ್ನು ಆಧರಿಸಿ 'ಜನುಮದ ಜೋಡಿ' ತೆಗೆದರು. ಶಿವರಾಜ್‌ಕುಮಾರ್, ಶಿಲ್ಪಾ ಜೋಡಿಯ ಆ ಚಿತ್ರ ವರ್ಷಕ್ಕೂ ಮೀರಿ ಓಡಿತು. ವಿ. ಮನೋಹರ್ ಅವರ ಹಾಡುಗಳನ್ನು ಇಂದಿಗೂ ಗುನುಗುವವರಲ್ಲಿ ಮೂಲ ಗುಜರಾತಿಯದೆಂದು ಬಲ್ಲವರು ಕಡಿಮೆ. ಕಥೆ ಅಷ್ಟರಮಟ್ಟಿಗೆ ಹಳೇ ಮೈಸೂರಿನದಾಯಿತು.

ಅಹಮದಾಬಾದಿನಲ್ಲೇ ಹುಟ್ಟಿದ ತಾರಕ್ ಮೆಹ್ತಾ 1971ರಿಂದ ಮುಂಬೈಯ 'ಚಿತ್ರಲೇಖಾ' ವಾರಪತ್ರಿಕೆಗೆ 'ದುನಿಯಾನೇ ಊಂಧಾ ಚಷ್ಮಾ' ಅಂಕಣ ಬರೆದರು. ಜೇಠಾಲಾಲ್, ದಯಾ, ಚಂಪಕಲಾಲ್, ಟಪು ಅಲ್ಲಿ ಹುಟ್ಟಿದವರು. ಆ ಅಂಕಣವನ್ನು ಆಧರಿಸಿದ, ಅಸಿತ್ ಕುಮಾರ್ ಮೋದಿ ನಿರ್ಮಾಣದ ಹಿಂದಿ ಧಾರಾವಾಹಿ 2008ರ ಜುಲೈ 28ರಂದು ಸಬ್ ಟಿವಿಯಲ್ಲಿ ಶುರುವಾಯಿತು. ಸಂಚಿಕೆಗಳು 4000 ದಾಟಿವೆ. ಅಂಕಣದಲ್ಲಿ ಹೆಚ್ಚಾಗಿ ಗುಜರಾತಿಯಾಗಿದ್ದ ನೆರೆಹೊರೆ ಟಿವಿಯಲ್ಲಿ ಗೋಕುಲಧಾಮ ಸೊಸೈಟಿಯಾಗಿ, ಮರಾಠಿ, ಪಂಜಾಬಿ, ತಮಿಳು, ಬಂಗಾಳಿ ಮನೆಗಳನ್ನು ಸೇರಿಸಿಕೊಂಡಿತು. (ಕನ್ನಡದ ಮನೆ ಇಲ್ಲ.) ವಾರಕ್ಕೊಮ್ಮೆ ಬರುವ ಅಂಕಣಕ್ಕೆ ಮೊನಚು ಬೇಕು. ದಿನವೂ ಇಡೀ ಮನೆ ಕೂತು ನೋಡುವ ಧಾರಾವಾಹಿಗೆ ಯಾರನ್ನೂ ನೋಯಿಸದ ನಗು ಬೇಕು. ಮೆಹ್ತಾರ ವ್ಯಂಗ್ಯ ಮೊಂಡಾದದ್ದು ಈ ಲೆಕ್ಕದಲ್ಲಿ. ಟಪು ಪಾತ್ರಕ್ಕೆ ಈವರೆಗೆ ಮೂವರು ನಟರಾದರು. ಧಾರಾವಾಹಿಯೊಳಗೆ ಕಥೆ ಹೇಳುವ ತಾರಕ್‌ನ ಪಾತ್ರಧಾರಿ 2022ರಲ್ಲಿ ಬದಲಾದರು. 2021ರಲ್ಲಿ ಈ ಪಾತ್ರಗಳೆಲ್ಲ ಮಕ್ಕಳ ಚಾನೆಲ್ಲಿಗಾಗಿ ಕಾರ್ಟೂನ್ ಕೂಡ ಆದವು. ಪದ್ಮಶ್ರೀ ಪುರಸ್ಕೃತ ಮೆಹ್ತಾ 2017ರ ಮಾರ್ಚ್ 1ರಂದು ಅಹಮದಾಬಾದಿನಲ್ಲಿ ತೀರಿಕೊಂಡರು.

2012ರ ಈಚೆಗೆ ಅಹಮದಾಬಾದಿನ ಯುವಕರು ನಗರದ ಬದುಕನ್ನೇ ಚಿತ್ರವಾಗಿಸತೊಡಗಿದ ಮೇಲೆ ಮುಂಬೈಯ ಪಾಲು ಬದಲಾಗಿದೆ. ಕೃಷ್ಣದೇವ್ ಯಾಜ್ಞಿಕ್ ತಮ್ಮ 'ಛೆಲ್ಲೋ ದಿವಸ್' (2015) ಚಿತ್ರವನ್ನು ಮರುವರ್ಷ ತಾವೇ ಹಿಂದಿಯಲ್ಲಿ ತೆಗೆದರು. ಅವರ 'ವಶ್' (2023) ಹಿಂದಿಯಲ್ಲಿ ಅಜಯ್ ದೇವಗನ್, ಮಾಧವನ್ ಅಭಿನಯದ 'ಶೈತಾನ್' (2024) ಆದಾಗ ಉಳಿದ ಮುಖ್ಯ ನಟರೆಲ್ಲ ಬದಲಾದರು. ಮಾಟಕ್ಕೆ ಸಿಕ್ಕಿಬೀಳುವ ಹುಡುಗಿಯ ಪಾತ್ರಕ್ಕೆ ಮಾತ್ರ ಗುಜರಾತಿಯ ಜಾನಕಿ ಬೋಡಿವಾಲಾ ಅವರೇ ಬೇಕಾದರು. 2025ರಲ್ಲಿ ಬಂದ ಎರಡನೇ ಭಾಗ ಮುಂಬೈಯ ರೀಮೇಕ್‌ಗೆ ಕಾಯಲಿಲ್ಲ. ಗುಜರಾತಿ ಮತ್ತು ಹಿಂದಿಯಲ್ಲಿ ಒಟ್ಟಿಗೇ ತೆರೆಕಂಡಿತು.