ಗೋಡೆಯೊಳಗಿನದು, ಗೋಡೆ ಮೇಲಿನದು

ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಓಡಿದ್ದು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಮೊದಲು ಗಣಿ, ಆಮೇಲೆ ಬೀದಿ, ಆಮೇಲೆ ಉಳ್ಳವರ ಬಂಗಲೆ. ಅಡುಗೆಮನೆಯ ಸರದಿ ಯಾವಾಗ ಬಂತು ಎಂಬುದನ್ನು ನಾನು ಓದಿದ ಯಾವ ಪುಸ್ತಕದಲ್ಲೂ ಕಂಡಿಲ್ಲ. ಅದನ್ನು ಹಳೆಯ ಮನೆಗಳ ಗೋಡೆ ನೋಡಿಯೇ ತಿಳಿಯಬೇಕು.

ನನ್ನ ಅಜ್ಜಿಯ ಊರು ಸಾಗರದ ಕಡೆ. ಜೋಗದ ವಿದ್ಯುದಾಗಾರ 1940ರ ದಶಕದ ಕೊನೆಗೇ ಕೆಲಸ ಶುರುಮಾಡಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ದೊಡ್ಡ ತಂತಿಗಳು ಅಜ್ಜಿಯ ತೋಟದ ಆಚೆಗಿನ ಗುಡ್ಡದ ಮೇಲೆ ಹಾದು ಎಲ್ಲಿಗೋ ಹೋಗುತ್ತಿದ್ದವು. ಮುಳುಗಡೆಯಲ್ಲಿ ಮನೆಮಾರು ಬಿಟ್ಟು ಬಂದ ಎಷ್ಟೋ ಸಂಸಾರಗಳು ಹೊಸ ಜಾಗದಲ್ಲಿ ವರ್ಷಗಟ್ಟಲೆ ಚಿಮಣಿ ಬುಡ್ಡಿಯಲ್ಲೇ ಕಾಲ ಕಳೆದವು. ಅಜ್ಜಿಯ ಮನೆಗೆ ಕರೆಂಟು ಬಂದದ್ದು 1972ರಲ್ಲಿ. ಬಂದದ್ದು ಮೂರೇ ಬಲ್ಬು. ಒಂದು ಜಗುಲಿಗೆ, ಒಂದು ದೇವರಮನೆಗೆ, ಮೂರನೆಯದು ನಡುಮನೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಕಿಂಡಿ ಕೊರೆದು ಅದರೊಳಗೆ. ಒಂದೇ ಬಲ್ಬಿನಲ್ಲಿ ಎರಡು ಕೋಣೆ ಬೆಳಗುವ ಈ ಜಾಣತನ ಆಗ ಹಲವು ಮನೆಗಳಲ್ಲಿತ್ತು. ಸ್ವಿಚ್ಚು ಮಾತ್ರ ನಡುಮನೆಯ ಕಡೆಗಿತ್ತು. ಊಟ ಮುಗಿಸಿದ ಗಂಡಸರು ಮಲಗುವಾಗ ಅದನ್ನು ಆರಿಸಿದರೆ, ಅಜ್ಜಿ ಕತ್ತಲಲ್ಲೇ ಒಲೆ ಸಾರಿಸಿ, ತಡವಿಕೊಂಡು ಹಾಲಿಗೆ ಹೆಪ್ಪು ಹಾಕುತ್ತಿದ್ದಳು.

ಆದರೂ ಆ ಕಾಲದ ವೈರಿಂಗಿನಿಂದ ಒಂದು ಉಪಕಾರವಿತ್ತು. ಎಲ್ಲವೂ ಗೋಡೆಯ ಮೇಲೇ ಇರುತ್ತಿತ್ತು. ಇನ್ನೂ ಹಳೆಯ ಮನೆಗಳಲ್ಲಿ ಎರಡು ಕಾಲುವೆ ತೋಡಿದ ಮರದ ಪಟ್ಟಿಯೊಳಗೆ ತಂತಿ ಇಟ್ಟು, ಮೇಲೆ ಮರದ್ದೇ ಮುಚ್ಚಳ ಹೊಡೆಯುತ್ತಿದ್ದರು. ಆಮೇಲೆ ಬಂದದ್ದು ತೇಗದ ರೀಪಿನ ಮೇಲೆ ಚಿಕ್ಕ ಚಿಕ್ಕ ತಗಡಿನ ಕ್ಲಿಪ್ಪಿನಲ್ಲಿ ತಂತಿ ಬಿಗಿಯುವ ಪದ್ಧತಿ. ಕಪ್ಪು ಗುಂಡು ಸ್ವಿಚ್ಚುಗಳು, ಪಿಂಗಾಣಿಯ ಫ್ಯೂಸು. ನೋಡಲು ಚೆಂದವೇನಲ್ಲ, ರೀಪಿನ ಹಿಂದೆ ಜಿರಲೆಯ ಸಂಸಾರ ಬೇರೆ. ಆದರೆ ಇನ್ನೊಂದು ದೀಪ ಬೇಕೆನಿಸಿದರೆ ಇನ್ನೊಂದು ಮಾರು ರೀಪು ಹೊಡೆದರೆ ಮುಗಿಯಿತು. ಅಜ್ಜಿಯ ಅಡುಗೆಮನೆಗೆ ತನ್ನದೇ ಬಲ್ಬು ಬಂದದ್ದು ಹಾಗೆಯೇ, ಎಂಟು ವರ್ಷದ ನಂತರ, ಅರ್ಧ ದಿನದ ಕೆಲಸದಲ್ಲಿ. "ಆಮೇಲೆ ನೋಡೋಣ" ಎಂಬ ಮಾತಿಗೆ ಆಗ ನಿಜವಾಗಿಯೂ ಅರ್ಥವಿತ್ತು.

ಸಿಮೆಂಟಿನ ಮನೆಗಳ ಜೊತೆ ತಂತಿಗಳು ಗೋಡೆಯೊಳಗೆ ಹೊಕ್ಕವು. ತಾರಸಿಯ ಕಾಂಕ್ರೀಟು ಹಾಕುವ ಮೊದಲೇ ಪೈಪು ಮಲಗಿಸಬೇಕು, ಫ್ಯಾನಿನ ಪೆಟ್ಟಿಗೆ ಕಂಬಿಗೆ ಕಟ್ಟಬೇಕು. ಗಾರೆ ಬಳಿಯುವ ಮೊದಲು ಗೋಡೆ ಕೊರೆದು ಸ್ವಿಚ್ಚಿನ ಪೆಟ್ಟಿಗೆ ಕೂರಿಸಬೇಕು. ಮನೆ ಕಾಣುವುದೇನೋ ಅಂದವಾಯಿತು. ಆದರೆ ಮುಂದಿನ ಇಪ್ಪತ್ತು ವರ್ಷ ಯಾವ ಮೂಲೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದನ್ನು ಗೋಡೆ ಹಸಿಯಾಗಿರುವಾಗಲೇ ಹೇಳಬೇಕಾಯಿತು. ಹೇಳುವವರು ಯಾರು? ಸೈಟಿನಲ್ಲಿ ನಿಂತಿರುವ ಮೇಸ್ತ್ರಿ, ವೈರ್‌ಮನ್, ಮನೆಯ ಯಜಮಾನ. ಆ ಕೆಲಸಗಳನ್ನು ಮಾಡುವವಳು ಮಾತ್ರ ಬಾಡಿಗೆ ಮನೆಯಲ್ಲಿ ಅವರಿಗೆಲ್ಲ ಕಾಫಿ ಕಾಯಿಸುತ್ತಿರುತ್ತಾಳೆ.

ಶಿವಮೊಗ್ಗದಲ್ಲಿ ನಾವು ಮನೆ ಕಟ್ಟಿದ್ದು 1993ರಲ್ಲಿ. ತಾರಸಿ ಮಟ್ಟಕ್ಕೆ ಬರುವಾಗಲೇ ಸಾಲದ ಮುಕ್ಕಾಲು ಪಾಲು ಕರಗಿತ್ತು. ವೈರ್‌ಮನ್ ಕೊಟ್ಟ ಲೆಕ್ಕ ನೋಡಿ ನಮ್ಮ ಮನೆಯವರು, "ಅರ್ಧ ಈಗ, ಅರ್ಧ ಆಮೇಲೆ" ಎಂದರು. ಯಾವ ಅರ್ಧ ಎಂಬುದೇ ಪ್ರಶ್ನೆ. ಮಾರನೆಯ ದಿನ ನಾನೂ ಸೈಟಿಗೆ ಹೋದೆ. ವೈರ್‌ಮನ್ ಇಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ. ಹಾಲಿಗೆ ಏಳು ಗುರುತು, ಗೇಟಿನ ಕಂಬಗಳಿಗೆ ಎರಡು ಗುಂಡು ದೀಪ, ಅಡುಗೆಮನೆಗೆ ಒಂದು ಬಲ್ಬು, ಒಂದು ಪ್ಲಗ್ಗು. ಮಿಕ್ಸಿ, ಗ್ರೈಂಡರ್, ಫ್ರಿಜ್ಜು ಮೂರಕ್ಕೂ ಅದೊಂದೇ ಪ್ಲಗ್ಗೇ ಎಂದು ಕೇಳಿದೆ. "ಒಂದೊಂದಾಗಿ ಹಾಕ್ಕೊಳ್ಳಿ ಅಕ್ಕಾ" ಎಂದ. ಮಾವನವರು, "ಅಡುಗೆಮನೆಗೆ ಎಷ್ಟು ಕರೆಂಟು ಬೇಕಮ್ಮಾ?" ಎಂದರು. ಕೋಪದಿಂದ ಕೇಳಿದ್ದಲ್ಲ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ನನ್ನ ಮನಸ್ಸಿನಲ್ಲಿ ಬೇರೊಂದು ಮನೆಯಿತ್ತು. ನಾವು ಬಾಡಿಗೆಗಿದ್ದ ಬೀದಿಯಲ್ಲಿ, ಅದಕ್ಕೆ ನಾಲ್ಕು ವರ್ಷ ಹಿಂದೆ, ಒಬ್ಬ ಹೆಂಗಸು ಬಚ್ಚಲಲ್ಲಿ ತೀರಿಕೊಂಡಿದ್ದರು. ಬಕೆಟ್ಟಿನಲ್ಲಿ ನೀರು ಕಾಯಿಸುವ ರಾಡ್ ಇತ್ತು, ಎರಡೇ ತೂತಿನ ಪ್ಲಗ್ಗು, ಅರ್ಥಿಂಗ್ ಇಲ್ಲ. ಅರ್ಥಿಂಗನ್ನು ಆಮೇಲೆ ಮಾಡಿಸೋಣ ಎಂದುಕೊಂಡಿದ್ದರಂತೆ. ಹಾಲಿನಲ್ಲಿ ಗಾಜಿನ ದೀಪದ ಗೊಂಚಲು ಮಾತ್ರ ಗೃಹಪ್ರವೇಶದ ದಿನದಿಂದಲೇ ತೂಗುತ್ತಿತ್ತು. ದುಃಖ ಕೇಳಲು ಹೋದವರೆಲ್ಲ ಅದರ ಕೆಳಗೇ ಕೂತಿದ್ದೆವು.

ಹಾಗಾಗಿ ನನ್ನ ಲೆಕ್ಕ ಸರಳವಾಗಿತ್ತು. ಗೋಡೆ ಒಡೆಯದೆ ಆಮೇಲೆ ಹಾಕಲಾಗದ್ದು ಮತ್ತು ಜೀವಕ್ಕೆ ಸಂಬಂಧಿಸಿದ್ದು ಈಗ. ಗೋಡೆಗೆ ನೇತುಹಾಕುವುದೆಲ್ಲ ಆಮೇಲೆ. ಹಿತ್ತಲಲ್ಲಿ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿಸಿ ಅರ್ಥಿಂಗ್ ಮಾಡಿಸಿದೆವು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹೊಯ್ಯುವ ಕೆಲಸ ಇವತ್ತಿಗೂ ನನ್ನದೇ. ಪ್ರತಿ ಪ್ಲಗ್ಗಿನ ಮೂರನೆಯ ತೂತಿಗೂ ಹಸಿರು ತಂತಿ ಮುಟ್ಟಿದೆಯೇ ಎಂದು ನಿಂತು ನೋಡಿದೆ. ಫ್ಯೂಸಿನ ಬದಲು ಎಂಸಿಬಿ, ಅದರ ಜೊತೆಗೆ ಇಎಲ್‌ಸಿಬಿ. ಎಂಸಿಬಿ ಉಳಿಸುವುದು ತಂತಿಯನ್ನು. ಮನುಷ್ಯರನ್ನು ಉಳಿಸುವುದು ಇಎಲ್‌ಸಿಬಿ. ಮೈಮೂಲಕವೋ ತೇವದ ಗೋಡೆಯ ಮೂಲಕವೋ ಕರೆಂಟು ನೆಲಕ್ಕೆ ಸೋರಿದರೆ, ಅದು 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ತಟ್ಟನೆ ಕಡಿದುಬಿಡುತ್ತದೆ. ಆಗ ಅದರ ಬೆಲೆ ಕೇಳಿ ಎದೆ ಧಸಕ್ಕೆಂದಿತ್ತು. ಗೇಟಿನ ಎರಡು ಗುಂಡು ದೀಪ ಮತ್ತು ಹಾಲಿನ ಅಲಂಕಾರದ ದೀಪಗಳನ್ನು ಬಿಟ್ಟದ್ದರಿಂದ ಆ ದುಡ್ಡು ಹೊಂದಿತು. ಮಾವನವರು ಎರಡು ದಿನ ನನ್ನೊಡನೆ ಮಾತು ಕಡಿಮೆ ಮಾಡಿದರು.

ತಂತಿಯ ವಿಷಯದಲ್ಲೂ ಚೌಕಾಸಿ ಬೇಡ ಎಂದೆ. ತಾಮ್ರದ ಅಭಾವದಿಂದ 1960ರ ದಶಕದಿಂದೀಚೆಗೆ ನಮ್ಮ ದೇಶದ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿ ಬಳಕೆಗೆ ಬಂದಿತ್ತು. ಅಗ್ಗವೇನೋ ಹೌದು, ಆದರೆ ಸ್ಕ್ರೂ ಬಿಗಿದ ಕಡೆ ಕ್ರಮೇಣ ಸಡಿಲವಾಗಿ ಬಿಸಿಯಾಗುತ್ತದೆ. ಹಳೆಯ ಮನೆಗಳಲ್ಲಿ ಸ್ವಿಚ್ಚಿನ ಸುತ್ತ ಕಂದು ಕಲೆ ನೋಡಿದವರಿಗೆ ಇದು ಗೊತ್ತಿರುತ್ತದೆ. ನಾವು ತಾಮ್ರವನ್ನೇ ತಂದೆವು. ದೀಪಗಳಿಗೆ ಸಣ್ಣದು, ಬಚ್ಚಲಿಗೂ ಅಡುಗೆಮನೆಗೂ ಅಂಗಡಿಯವರು 7/20 ಎನ್ನುತ್ತಿದ್ದ ದಪ್ಪ ತಂತಿ. ಅಡುಗೆಮನೆಗೆ ನಾಲ್ಕು ಪ್ಲಗ್ಗು, ಅದೂ ಕಟ್ಟೆಯ ಮೇಲೆ, ಸಿಂಕಿನಿಂದ ದೂರ. ಒಲೆಯ ಎದುರಿನ ಗೋಡೆಗೆ ಒಂದು ದೀಪ, ನನ್ನ ನೆರಳು ಪಾತ್ರೆಯ ಮೇಲೆ ಬೀಳದ ಹಾಗೆ.

ಬಿಟ್ಟದ್ದು ಬಹಳ. ಗೀಸರ್ ಇಲ್ಲ, ಎಕ್ಸಾಸ್ಟ್ ಫ್ಯಾನ್ ಇಲ್ಲ, ಮಹಡಿಯ ಮೆಟ್ಟಿಲಿಗೆ ದೀಪವಿಲ್ಲ, ಎರಡು ಕೋಣೆಗೆ ಫ್ಯಾನೂ ಇಲ್ಲ. ಎಲ್ಲಕ್ಕೂ ಪೈಪು ಮಾತ್ರ ಹಾಕಿಸಿ, ಒಳಗೆ ಎಳೆಯಲು ಒಂದು ಕಬ್ಬಿಣದ ತಂತಿ ತೂರಿಸಿಟ್ಟು, ಪೆಟ್ಟಿಗೆಗಳಿಗೆ ಮುಚ್ಚಳ ಬಿಗಿಸಿದೆವು. ಖಾಲಿ ಪೈಪಿಗೆ ಖರ್ಚು ಅಷ್ಟೇನಿಲ್ಲ. ಮೇನ್ ಬೋರ್ಡಿನಲ್ಲೂ ನಾಲ್ಕು ಜಾಗ ಖಾಲಿ ಬಿಟ್ಟೆವು. ಕೆ.ಇ.ಬಿ.ಯಿಂದ ಆಗ ಬೇಕಾದಷ್ಟೇ ಲೋಡ್ ಮಂಜೂರು ಮಾಡಿಸಿಕೊಂಡೆವು. ಅದನ್ನು ಯಾವಾಗ ಬೇಕಾದರೂ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಬಹುದಿತ್ತು. ಗೃಹಪ್ರವೇಶಕ್ಕೆ ಬಂದ ನೆಂಟರು ಗೋಡೆ ತುಂಬ ಬಿಳಿ ಮುಚ್ಚಳ ನೋಡಿ, "ಇದೇನು, ಮನೆಗೆ ತೇಪೆ ಹಾಕಿದ್ದೀರಾ?" ಎಂದು ನಕ್ಕರು.

ತೇಪೆಗಳು ಒಂದೊಂದಾಗಿ ಕಳಚಿದವು. ಫ್ಯಾನುಗಳು ಮರುವರ್ಷವೇ ಬಂದವು. ಗೀಸರ್ 1997ರಲ್ಲಿ. ಅತ್ತೆ ಅದರ ನೀರಿಗೆ ಹಂಡೆ ನೀರಿನ ಹಿತವಿಲ್ಲ ಎಂದು ಕೊನೆಯವರೆಗೂ ಒಲೆಯನ್ನು ಬಿಡಲಿಲ್ಲ. ಲೋಡ್‌ಶೆಡ್ಡಿಂಗ್ ಕಾಟಕ್ಕೆ 2003ರಲ್ಲಿ ಇನ್ವರ್ಟರ್ ತಂದಾಗ, ಹಾಲಿಗೆ ಮತ್ತು ಮಕ್ಕಳು ಓದುವ ಕೋಣೆಗೆ ಕೊಟ್ಟ ಮೇಲೆ ಉಳಿದ ಒಂದು ಲೈನನ್ನು ಎಲ್ಲಿಗೆ ಎಳೆಯಲಿ ಎಂದು ವೈರ್‌ಮನ್ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಾವನವರು ಅಡುಗೆಮನೆಯ ಕಡೆ ಕೈ ತೋರಿಸಿದರು. ಗೇಟಿನ ಕಂಬದ ದೀಪ ಇನ್ನೂ ಹಾಕಿಸಿಲ್ಲ.