ವೇಲ್ಸ್ ಡೈರಿ, ಭಾಗ 7: ಹದಿನೈದು ವರ್ಷ ತಡವಾದ ಇಂಜೆಕ್ಷನ್

ಹೋದ ವಾರ ಸ್ವಾನ್ಸಿಯ ಸಮುದ್ರದ ಫೋಟೋ ಹಾಕಿದಾಗ "ಆ ಊರಲ್ಲಿ ಏನಮ್ಮ ವಿಶೇಷ" ಅಂತ ಕೇಳಿದ್ರಿ. ವಿಶೇಷ ಅಂದ್ರೆ ದಡಾರ.

1998ರ ಫೆಬ್ರವರಿಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನೋ ಡಾಕ್ಟರು ಮತ್ತವರ ಜೊತೆಗಾರರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ನೋಡಿದ್ದು ಬರೀ 12 ಮಕ್ಕಳನ್ನು. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರಬಹುದು ಅನ್ನೋ ಅನುಮಾನ ಊರೂರಿಗೆ ಹರಡಿತು. ಲಸಿಕೆ ವಿರುದ್ಧ ಕೇಸ್ ನಡೆಸ್ತಿದ್ದ ವಕೀಲರಿಂದ ಅವರಿಗೆ ದುಡ್ಡು ಸಂದಿತ್ತು ಅಂತ 2004ರಲ್ಲಿ ಬ್ರಯಾನ್ ಡೀರ್ ಅನ್ನೋ ಪತ್ರಕರ್ತರು ಬಯಲು ಮಾಡಿದರು. 2010ರಲ್ಲಿ ಲೇಖನ ವಾಪಸ್ ಆಯ್ತು, ವೇಕ್‌ಫೀಲ್ಡ್ ನೋಂದಣಿಯೂ ಹೋಯ್ತು. ಆದರೆ ಅಷ್ಟರಲ್ಲಿ ಹನ್ನೆರಡು ವರ್ಷ ಕಳೆದಿತ್ತಲ್ಲ! ಇಂಗ್ಲೆಂಡಿನಲ್ಲಿ 2003-04ರ ಹೊತ್ತಿಗೆ ಎರಡು ವರ್ಷದ ಮಕ್ಕಳಲ್ಲಿ ಶೇ 80ರಷ್ಟಕ್ಕೆ ಮಾತ್ರ ಲಸಿಕೆ ಆಗಿತ್ತು. ದಡಾರ ತಡೆಯೋಕೆ ಶೇ 95 ಬೇಕು. ಸ್ವಾನ್ಸಿಯಲ್ಲಂತೂ ಸ್ಥಳೀಯ ಪತ್ರಿಕೆಯೊಂದು 1997ರಲ್ಲೇ ಈ ಲಸಿಕೆ ಬಗ್ಗೆ ಭಯದ ಸುದ್ದಿ ಬರೆಯೋಕೆ ಶುರು ಮಾಡಿತ್ತು.

2012ರ ನವೆಂಬರಿನಲ್ಲಿ ದಡಾರ ಕಾಣಿಸಿತು. 2013ರ ಜುಲೈ ತನಕ 1200ಕ್ಕೂ ಹೆಚ್ಚು ಪ್ರಕರಣ, 88 ಜನ ಆಸ್ಪತ್ರೆಗೆ, 25 ವರ್ಷದ ಒಬ್ಬ ಯುವಕನ ಸಾವು. ಕೈಗೂಸುಗಳಿಗಿಂತ ಹೆಚ್ಚು ಸಿಕ್ಕಿಬಿದ್ದಿದ್ದು ಹೈಸ್ಕೂಲ್ ಮಕ್ಕಳು. ಭಯದ ವರ್ಷಗಳಲ್ಲಿ ಹುಟ್ಟಿದವರು ಅವರೇ.

ಏಪ್ರಿಲ್‌ನಲ್ಲಿ ಶನಿವಾರಗಳಂದು ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟ್ ಇಲ್ಲದೆ ಇಂಜೆಕ್ಷನ್ ಕೊಟ್ಟರು. ಆಗ ಡ್ಯೂಟಿ ಮಾಡಿದ್ದ ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಹೇಳ್ತಾರೆ, ಅಮ್ಮನಿಗಿಂತ ಎತ್ತರ ಬೆಳೆದ ಹುಡುಗರು ಅಮ್ಮನ ಕೈ ಹಿಡ್ಕೊಂಡು ಕ್ಯೂನಲ್ಲಿ ನಿಂತಿದ್ರಂತೆ. ಆ ತಾಯಂದಿರನ್ನು ನಾನು ಬೈಯಲಾರೆ. ಡಾಕ್ಟರೇ ಹೇಳಿದ್ದನ್ನು ನಂಬಿದ್ದರು ಅಷ್ಟೆ.

ನಂದೂ ಬಾಕಿ ಇತ್ತು ಅನ್ನೋದು ಇಲ್ಲಿ ಕೆಲಸಕ್ಕೆ ಸೇರುವಾಗಲೇ ಗೊತ್ತಾಗಿದ್ದು. ನಮ್ಮ ಕಾಲದಲ್ಲಿ ಸರ್ಕಾರದ ಕಾರ್ಯಕ್ರಮದಲ್ಲಿ ಒಂಬತ್ತು ತಿಂಗಳಿಗೆ ದಡಾರದ್ದು ಒಂದೇ ಡೋಸ್, ರುಬೆಲ್ಲಾ ಇರಲೇ ಇಲ್ಲ. ಎರಡನೇ ಡೋಸ್ ಬಂದಿದ್ದು 2010ರಿಂದ ಈಚೆಗೆ. ಹಾಗಾಗಿ ಮೂವತ್ತು ದಾಟಿದ ಮೇಲೆ ತೋಳು ಚಾಚಿದೆ. ನರ್ಸ್‌ಗೆ ನರ್ಸ್ ಚುಚ್ಚುವಾಗ ನಗು ತಡೆಯೋಕೆ ಆಗಲಿಲ್ಲ!

2017ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದ ಸ್ಕೂಲುಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗಲೂ ವಾಟ್ಸಾಪ್‌ನಲ್ಲಿ ಇಂಥದ್ದೇ ಸುದ್ದಿ ಓಡಾಡಿತ್ತು, ನೆನಪಿದೆಯಾ? ಆಗ ಬೇಡ ಅಂದಿದ್ದ ಅಕ್ಕಂದಿರು ಯಾರಾದ್ರೂ ಇದನ್ನ ಓದ್ತಿದ್ರೆ, ಮಕ್ಕಳಿಗೆ ಈಗಲೂ ಹಾಕಿಸಬಹುದು, ಡಾಕ್ಟರ ಹತ್ರ ಕೇಳಿ. ಬಸುರಿಯರು ಮಾತ್ರ ಹೆರಿಗೆ ಆಗೋ ತನಕ ಕಾಯಬೇಕು.