ಯಾವ ಕಲಮಿಗೂ ಸೇರದ ಗುಹೆ: ತೇನಿಯ ನ್ಯೂಟ್ರಿನೋ ಯೋಜನೆ ಮತ್ತು ಸುರಕ್ಷತಾ ಪರಿಶೀಲನೆಯ ಚರಿತ್ರೆ

2018ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ತಮಿಳುನಾಡಿನ ತೇನಿ ಜಿಲ್ಲೆಯ ಒಂದು ಯೋಜನೆಗೆ ಪರಿಸರ ಅನುಮತಿ ಕೊಟ್ಟಿತು. ಪೊಟ್ಟಿಪುರಂ ಎಂಬ ಊರಿನ ಪಕ್ಕದ ಬೆಟ್ಟಕ್ಕೆ ಸುಮಾರು ಎರಡು ಕಿಲೋಮೀಟರ್ ಸುರಂಗ ಕೊರೆದು, ಅದರ ತುದಿಯಲ್ಲಿ 132 ಮೀಟರ್ ಉದ್ದ, 26 ಮೀಟರ್ ಅಗಲ, 20 ಮೀಟರ್ ಎತ್ತರದ ಗುಹೆ ತೋಡಿ, ಅದರೊಳಗೆ 50,000 ಟನ್ ತೂಕದ ಕಾಂತೀಯ ಕಬ್ಬಿಣದ ಉಪಕರಣ ನಿಲ್ಲಿಸುವ ಯೋಜನೆ ಅದು. ಹಣ ಹೂಡುವವರಲ್ಲಿ ಮೊದಲನೆಯದು ಪರಮಾಣು ಶಕ್ತಿ ಇಲಾಖೆ. ಅನುಮತಿ ಸಿಕ್ಕಿದ್ದು ಮಾತ್ರ 2006ರ ಪರಿಸರ ಪರಿಣಾಮ ಅಧಿಸೂಚನೆಯ 8(ಎ) ಕಲಮಿನಡಿ. ನಗರಗಳಲ್ಲಿ ಎದ್ದು ನಿಲ್ಲುವ ವಸತಿ ಸಮುಚ್ಚಯ, ಮಾಲ್‌, ಕಚೇರಿ ಸಂಕೀರ್ಣಗಳು ಬರುವುದು ಇದೇ ‘ಕಟ್ಟಡ ಮತ್ತು ನಿರ್ಮಾಣ’ದ ಕಲಮಿಗೆ. ಪರಮಾಣು ವಿದ್ಯುತ್ ಸ್ಥಾವರಗಳಿಗೆ ಅದೇ ಅಧಿಸೂಚನೆಯಲ್ಲಿ 1(ಇ) ಎಂಬ ಬೇರೆ ಕಲಂ ಇದೆ. ಭಾರತೀಯ ನ್ಯೂಟ್ರಿನೋ ವೀಕ್ಷಣಾಲಯದ (ಐಎನ್ಒ) ಒಂದೂವರೆ ದಶಕದ ಜಗಳವನ್ನು ವಿಜ್ಞಾನ ಮತ್ತು ಜನರ ನಡುವಿನ ಜಗಳ ಎಂದು ಬರೆಯುವುದು ರೂಢಿ. ಕಡತಗಳ ಜಾಡು ಹಿಡಿದು ಹೋದರೆ, ಯಾವ ಪರೀಕ್ಷಕ ಯಾವ ಪ್ರಶ್ನೆ ಕೇಳಬೇಕು ಎಂಬುದೇ ತೀರ್ಮಾನವಾಗದೆ ಉಳಿದ ಕಥೆಯಾಗಿ ಅದು ಕಾಣುತ್ತದೆ.

ಈ ಕಥೆಯ ಬೇರು ಇರುವುದು ಕೋಲಾರದಲ್ಲಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಗುರುತನ್ನು ಪತ್ತೆ ಮಾಡಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡಕ್ಕೂ ಅದೇ ವರ್ಷ ಅದೇ ಫಲ ಸಿಕ್ಕಿತ್ತು. ಎರಡು ಪ್ರಬಂಧಗಳು ಕೆಲವೇ ದಿನಗಳ ಅಂತರದಲ್ಲಿ ಅಚ್ಚಾದವು. ಕೆಜಿಎಫ್ ತಂಡದ ಮುಂಚೂಣಿಯಲ್ಲಿದ್ದ ಬಿ. ವಿ. ಶ್ರೀಕಂಠನ್ ನಂಜನಗೂಡಿನ ಕಡೆಯವರು. ಆ ಗಣಿಯೊಳಗೆ ಅವರು ಮ್ಯೂಯಾನ್ ಎಂಬ ಕಣಗಳನ್ನು ಅಳೆಯಲು ಶುರು ಮಾಡಿದ್ದು 1950ರ ದಶಕದ ಆರಂಭದಲ್ಲೇ.

ಸುರಕ್ಷತೆಯ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ. ಕೆಜಿಎಫ್‌ನಲ್ಲಿ ವಿಜ್ಞಾನಿಗಳು ಹೊಸದಾಗಿ ಬಂಡೆ ಕೊರೆಯಲಿಲ್ಲ, ಗಣಿಗಾರಿಕೆ ಬಿಟ್ಟುಹೋದ ಸುರಂಗಗಳಿಗೆ ಇಳಿದರು. ಆಳದ ಬಂಡೆ ತಾನಾಗಿಯೇ ಸಿಡಿಯುವ ರಾಕ್ ಬರ್ಸ್ಟ್ ಆ ಗಣಿಗಳ ನಿತ್ಯದ ಭಯ. ಅದನ್ನು ನೋಡಿಕೊಳ್ಳಲು ಗಣಿ ಕಾಯ್ದೆ ಇತ್ತು, ಗಣಿ ಸುರಕ್ಷತಾ ನಿರ್ದೇಶನಾಲಯದ ಇನ್‌ಸ್ಪೆಕ್ಟರುಗಳಿದ್ದರು, ಭೂಕಂಪನ ಮಾಪಕಗಳ ಜಾಲವಿತ್ತು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಅಲ್ಲಿಯೇ. ಹೀಗೆ ಪ್ರಯೋಗಾಲಯಕ್ಕೆ ಅಪಾಯದ ಲೆಕ್ಕವಿಡುವ ಕೈ ಪುಕ್ಕಟೆಯಾಗಿ ಸಿಕ್ಕಿತ್ತು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಅಷ್ಟರೊಳಗೆ ಭೌತವಿಜ್ಞಾನದ ಪ್ರಯೋಗಗಳೂ ನಿಂತಿದ್ದವು. ಹೊಸ ಗುಹೆಯನ್ನು ಹೊಸ ಬೆಟ್ಟದಲ್ಲಿ ಕೊರೆಯಬೇಕಾದಾಗ, ಆ ಕೈ ಜೊತೆಗೆ ಬರಲಿಲ್ಲ.

ಮೊದಲು ಆರಿಸಿದ್ದು ನೀಲಗಿರಿಯ ಸಿಂಗಾರ. ಮುದುಮಲೈ ಹುಲಿ ಮೀಸಲಿನ ಅಂಚಿನ ಜಾಗವೆಂದು 2009ರ ನವೆಂಬರ್‌ನಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದನ್ನು ತಳ್ಳಿಹಾಕಿ, ತೇನಿಯ ಬಳಿಯ ಸುರುಳಿಯಾರ್ ಕಡೆ ಬೆರಳು ತೋರಿಸಿದರು. ಅಲ್ಲಿಯೂ ದಟ್ಟ ಕಾಡು. ಕೊನೆಗೆ ನಿಂತಿದ್ದು ಬೋಡಿ ಪಶ್ಚಿಮ ಬೆಟ್ಟಗಳ ಅಂಬರಪ್ಪರ್ ಬೆಟ್ಟದ ಬುಡದಲ್ಲಿ, ಉತ್ತಮಪಾಳ್ಯಂ ತಾಲ್ಲೂಕಿನ ಪೊಟ್ಟಿಪುರಂನಲ್ಲಿ. ಗಟ್ಟಿ ಚಾರ್ನೊಕೈಟ್ ಬಂಡೆ, ಎಲ್ಲ ದಿಕ್ಕಿನಲ್ಲೂ ಒಂದು ಕಿಲೋಮೀಟರಿಗೆ ಕಡಿಮೆಯಿಲ್ಲದ ಕಲ್ಲಿನ ಹೊದಿಕೆ, ಹೊರಗೆ ಸುಮಾರು 27 ಹೆಕ್ಟೇರ್ ಸರ್ಕಾರಿ ಜಮೀನು. 2011ರ ಜೂನ್ 1ರಂದು ಮೊದಲ ಅನುಮತಿ, 2015ರ ಜನವರಿಯಲ್ಲಿ ಸುಮಾರು 1,500 ಕೋಟಿ ರೂಪಾಯಿಗೆ ಕೇಂದ್ರ ಸಂಪುಟದ ಒಪ್ಪಿಗೆ. ಬೆಟ್ಟದ ಕೆಳಗಿನ ಕಂಬಂ ಕಣಿವೆ ಕನ್ನಡಿಗರಿಗೆ ತೀರ ಪರಕೀಯವೂ ಅಲ್ಲ. ಕಂಬಂ, ಬೋಡಿನಾಯಕನೂರು ಸುತ್ತಮುತ್ತ ಕಪ್ಪಿಲಿಯರು, ಒಕ್ಕಲಿಗ ಗೌಂಡರು, ಅನುಪ್ಪ ಗೌಂಡರ ಮನೆಗಳಲ್ಲಿ ಇವತ್ತಿಗೂ ಒಂದು ಬಗೆಯ ಕನ್ನಡ ಕೇಳಿಸುತ್ತದೆ.

ಯೋಜನೆಯ ಸುತ್ತ ಎದ್ದ ಭಯಗಳಲ್ಲಿ ಅತಿ ದೊಡ್ಡದು ವಿಕಿರಣದ್ದು: ಗುಹೆಯಲ್ಲಿ ಪರಮಾಣು ತ್ಯಾಜ್ಯ ಹೂಳುತ್ತಾರೆ, ವಿದೇಶದಿಂದ ನ್ಯೂಟ್ರಿನೋ ಕಿರಣ ಹಾಯಿಸುತ್ತಾರೆ. ತ್ಯಾಜ್ಯದ ಮಾತಿಗೆ ಆಧಾರವಿಲ್ಲ. ಕಿರಣದ ಮಾತನ್ನು ಮಾತ್ರ ಪೂರ್ತಿ ತಳ್ಳಿಹಾಕುವಂತಿಲ್ಲ. ದೂರದೇಶದ ನ್ಯೂಟ್ರಿನೋ ಕಾರ್ಖಾನೆಯ ಕಿರಣ ಹಿಡಿಯುವ ಎರಡನೇ ಹಂತವನ್ನು ಆರಂಭದ ಪ್ರಸ್ತಾವಗಳೇ ಪ್ರಸ್ತಾಪಿಸಿದ್ದವು. ಆ ಕಿರಣ ಬಂದರೂ ಕಣಿವೆಗೆ ಕೆಡುಕಾಗುವುದಿಲ್ಲ ಎಂಬುದು ಭೌತವಿಜ್ಞಾನಕ್ಕೆ ಗೊತ್ತು. ಬರೆದದ್ದನ್ನು ಆಮೇಲೆ ಇಲ್ಲವೆಂದರೆ ಅನುಮಾನ ಬೆಳೆಯುತ್ತದೆ ಎಂಬುದು ಇಲಾಖೆಗೆ ಗೊತ್ತಾಗಲಿಲ್ಲ. ನಿಜವಾದ ಅಪಾಯಗಳು ಇದಕ್ಕಿಂತ ಸಾಧಾರಣವಾದವು, ಆದ್ದರಿಂದಲೇ ಯಾರ ಗಮನವನ್ನೂ ಹೆಚ್ಚು ಸೆಳೆಯಲಿಲ್ಲ. ಕಬ್ಬಿಣದ ಹಾಳೆಗಳ ನಡುವೆ ಕೂರುವ ಸುಮಾರು 29,000 ಗಾಜಿನ ಪತ್ತೆಪೆಟ್ಟಿಗೆಗಳಲ್ಲಿ ಹರಿಯುವುದು ಮುಖ್ಯವಾಗಿ ಆರ್134ಎ ಎಂಬ ಶೀತಕ ಅನಿಲ, ಶೇ. 4.5ರಷ್ಟು ಐಸೊಬ್ಯೂಟೇನ್, ತುಸು ಸಲ್ಫರ್ ಹೆಕ್ಸಾಫ್ಲೋರೈಡ್. ಐಸೊಬ್ಯೂಟೇನ್ ಹೊತ್ತಿಕೊಳ್ಳುವ ಅನಿಲ. ಉಳಿದೆರಡು ಭೂಮಿಯನ್ನು ಕಾಯಿಸುವ ಅನಿಲಗಳು. ಕೊನೆಯದರ ಶಕ್ತಿ ಇಂಗಾಲದ ಡೈಆಕ್ಸೈಡ್‌ನ ಇಪ್ಪತ್ತು ಸಾವಿರ ಪಟ್ಟಿಗೂ ಮಿಕ್ಕಿದ್ದು. ಒಂದೇ ಬಾಗಿಲಿನ ಗುಹೆಯಲ್ಲಿ ಬೆಂಕಿ ಬಿದ್ದರೆ ಹೊರಬರುವುದು ಹೇಗೆ, ಅನಿಲವನ್ನು ಸೋರದಂತೆ ಮರುಬಳಸುವ ವ್ಯವಸ್ಥೆಯನ್ನು ಯಾರು ತಪಾಸಣೆ ಮಾಡಬೇಕು, ಲಕ್ಷಾಂತರ ಟನ್ ಕಲ್ಲುಪುಡಿಯನ್ನು ಎಲ್ಲಿ ಸುರಿಯಬೇಕು, ದಿನದಿನದ ಸಿಡಿತದ ಕಂಪನಕ್ಕೆ ಮಿತಿ ಎಷ್ಟು? ಸುರಕ್ಷತಾ ಪರೀಕ್ಷಕನೊಬ್ಬ ಮೊದಲು ಕೇಳಬೇಕಾದವು ಇವು.

ಕಂಪನದ ಪ್ರಶ್ನೆಗೆ ಕಣಿವೆಯಲ್ಲಿ ಹಳೆಯ ನೆನಪಿನ ಬಲವೂ ಇತ್ತು. ಕಂಬಂನ ಭತ್ತ, ದ್ರಾಕ್ಷಿಗೆ ನೀರು ಬರುವುದು 1895ರಲ್ಲಿ ಪೆನ್ನಿಕ್ವಿಕ್ ಸುಣ್ಣ-ಸುರ್ಕಿಯಲ್ಲಿ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ. 1979ರಲ್ಲಿ ಸುರಕ್ಷತೆಯ ಕಾರಣಕ್ಕೆ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. 142 ಅಡಿ ನಿಲ್ಲಿಸಲು ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟು 2014ರ ಮೇ 7ರಂದು ಹೇಳುವವರೆಗೆ ಸಮಿತಿಯ ಮೇಲೆ ಸಮಿತಿ ಬಂದು ಸೋರಿಕೆ ಅಳೆದವು. ಅಣೆಕಟ್ಟು ಗಟ್ಟಿಯಿದೆ ಎಂದು ತಮಿಳುನಾಡು ವಾದಿಸಿತು, ಇಲ್ಲವೆಂದು ಕೇರಳ. ಆ ವಾದದ ನಡುವೆ ಬೆಟ್ಟದಲ್ಲಿ ಮದ್ದು ಸಿಡಿಸುತ್ತೇವೆ ಎಂದರೆ ಎರಡೂ ಕಡೆಯವರು ತಿರುಗಿ ನೋಡುವುದು ಸಹಜ. ಕೇರಳದಲ್ಲಿ ವಿ. ಎಸ್. ಅಚ್ಯುತಾನಂದನ್, ತಮಿಳುನಾಡಿನಲ್ಲಿ ವೈಕೋ, ಮುಲ್ಲಪೆರಿಯಾರ್ ವಿಷಯದಲ್ಲಿ ಎದುರಾಳಿಗಳಾದವರು, ಇಲ್ಲಿ ಒಂದೇ ಪಕ್ಷ. ಪಕ್ಕದ ದಿಂಡಿಗಲ್ ಜಿಲ್ಲೆಯ ಕೊಡೈಕನಾಲ್‌ನ ನೆನಪೂ ಹಳೆಯದಾಗಿರಲಿಲ್ಲ. ಅಲ್ಲಿನ ಪಾದರಸದ ಥರ್ಮಾಮೀಟರ್ ಕಾರ್ಖಾನೆಯ ಗಾಜಿನ ಚೂರು ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು 2001ರಲ್ಲಿ. ಪರೀಕ್ಷಕರ ಮೂಗಿನಡಿಯಲ್ಲೇ ನಡೆದದ್ದನ್ನು ಹೊರಗೆಳೆದವರು ಊರಿನವರು ಮತ್ತು ಪರಿಸರ ಕಾರ್ಯಕರ್ತರು.

ನ್ಯಾಯಾಲಯದಲ್ಲಿ ಈ ಯಾವ ಪ್ರಶ್ನೆಯೂ ನೇರವಾಗಿ ತೀರ್ಮಾನವಾಗಲಿಲ್ಲ. 2015ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇಲ್ಲದೆ ಕೆಲಸ ಆರಂಭಿಸಬಾರದು ಎಂದಿತು. ಪೂವುಲಗಿನ್ ನಣ್ಬರ್ಗಳ್ ಎಂಬ ಪರಿಸರ ಸಂಘಟನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ, ಪರಿಸರ ವರದಿ ಬರೆದ ಕೊಯಮತ್ತೂರಿನ ಸಲೀಂ ಅಲಿ ಕೇಂದ್ರಕ್ಕೆ ಅಂಥ ವರದಿ ಬರೆಯುವ ಮಾನ್ಯತೆಯೇ ಇಲ್ಲ ಎಂದು ವಾದಿಸಿತು. 2017ರ ಮಾರ್ಚ್ 20ರಂದು ನ್ಯಾಯಮಂಡಳಿಯ ಚೆನ್ನೈ ಪೀಠ 2011ರ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. ಕಾರಣ ದೂರ: ಕೇರಳದ ಮತ್ತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನ ಐದು ಕಿಲೋಮೀಟರಿನೊಳಗೆ, ರಾಜ್ಯದ ಗಡಿ ಇನ್ನೂ ಹತ್ತಿರ. ಆದ್ದರಿಂದ ಮೇಲಿನ ವರ್ಗದ ಪರಿಶೀಲನೆ ಬೇಕಿತ್ತು. ಮರು ಅರ್ಜಿ ಬಂದಾಗ ರಾಜ್ಯಮಟ್ಟದ ತಜ್ಞ ಸಮಿತಿ ಇದರ ವೈಜ್ಞಾನಿಕ ಭಾಗವನ್ನು ಅಳೆಯಲು ತನ್ನಿಂದಾಗದು ಎಂದು ಕೈಚೆಲ್ಲಿತು. ಈ ಇಡೀ ಕಡತದಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಂಡ ಮಾತು ಇದೇ. ಕೇಂದ್ರ ಸಚಿವಾಲಯ ‘ವಿಶೇಷ ಪ್ರಕರಣ’ ಎಂದು ಕರೆದು ಪರಿಶೀಲನೆಯನ್ನು ತಾನೇ ಎತ್ತಿಕೊಂಡಿತು. ಕಲಂ ಮಾತ್ರ 8(ಎ) ಆಗಿಯೇ ಉಳಿಯಿತು. ಆ ಕಲಮಿನಲ್ಲಿ ಸಾರ್ವಜನಿಕ ಅಹವಾಲು ಕಡ್ಡಾಯವಲ್ಲ.

ಹಾಗಾದರೆ ಪರಮಾಣು ಕಲಮಿಗೆ ಸೇರಿಸಿದ್ದರೆ ಸರಿಹೋಗುತ್ತಿತ್ತೆ? ಕೈಗಾ ಅಣು ವಿದ್ಯುತ್ ಸ್ಥಾವರವನ್ನು ನೋಡಿದರೆ ಉತ್ತರ ಅಷ್ಟು ಸುಲಭವಲ್ಲ. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ನಿಂತು ವಿರೋಧಿಸಿದ ಆ ಸ್ಥಾವರದಲ್ಲಿ 1994ರ ಮೇ 13ರಂದು, ಇಂಧನ ತುಂಬುವ ಮೊದಲೇ, ಒಂದನೇ ಘಟಕದ ಒಳ ಗುಮ್ಮಟದ ಕಾಂಕ್ರೀಟು ಪದರ ಕಳಚಿ ಕೆಳಗೆ ಬಿತ್ತು. ಬಿದ್ದದ್ದು ನೂರು ಟನ್ನಿಗೂ ಹೆಚ್ಚು. 1983ರ ನವೆಂಬರ್‌ನಲ್ಲಿ ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ತನಿಖೆ ನಡೆಸಿತು, ವಿನ್ಯಾಸ ಬದಲಾಯಿತು, ಆ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದ ನವೆಂಬರ್‌ನಲ್ಲಿ. ಪರೀಕ್ಷಕ ಇದ್ದ, ಕೆಲಸವನ್ನೂ ಮಾಡಿದ. ಆದರೆ ಆಗ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಹುದ್ದೆ ಬಿಟ್ಟ ಮೇಲೆ ಪದೇ ಪದೇ ಎತ್ತಿದ ಆಕ್ಷೇಪ, ಈ ಮಂಡಳಿ ವರದಿ ಒಪ್ಪಿಸುವುದು ಪರಮಾಣು ಶಕ್ತಿ ಆಯೋಗಕ್ಕೆ, ಅಂದರೆ ಪರೀಕ್ಷೆಗೊಳಗಾಗುವ ಮನೆಯ ಯಜಮಾನನಿಗೇ, ಎಂಬುದು. 2012ರಲ್ಲಿ ಮಹಾಲೇಖಪಾಲರ ವರದಿಯೂ ಇದೇ ದೌರ್ಬಲ್ಯವನ್ನು ಎತ್ತಿ ತೋರಿಸಿತು. ಸ್ವತಂತ್ರ ಪ್ರಾಧಿಕಾರಕ್ಕೆಂದು 2011ರಲ್ಲಿ ಮಂಡಿಸಿದ ಮಸೂದೆ 2014ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 2009ರ ನವೆಂಬರ್‌ನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ಕಾರ್ಮಿಕರ ದೇಹ ಸೇರಿದ್ದನ್ನು ಹಿಡಿದದ್ದು ಮಾತ್ರ ಸ್ಥಾವರದೊಳಗಿನ ಮಾಮೂಲಿ ಮೂತ್ರ ಪರೀಕ್ಷೆ. ಕೈಗಾದಲ್ಲಿ ಕಣ್ಣು ಹತ್ತಿರವಿತ್ತು, ಸ್ವಾತಂತ್ರ್ಯ ಕಡಿಮೆಯಿತ್ತು. ತೇನಿಯಲ್ಲಿ ಇಲಾಖೆಗೆ ಸಂಬಂಧವಿಲ್ಲದ ಮಂಡಳಿ, ನ್ಯಾಯಮಂಡಳಿಗಳು ಎಷ್ಟೋ ಇದ್ದವು. ಗುಹೆಯೊಳಗನ್ನು ಓದಬಲ್ಲ ಕಣ್ಣು ಇರಲಿಲ್ಲ.

ಕೊನೆಗೆ ಯೋಜನೆಯನ್ನು ತಡೆದದ್ದು ಅನಿಲವಲ್ಲ, ಕಂಪನವಲ್ಲ, ವಿಕಿರಣವಂತೂ ಅಲ್ಲ. 2018ರ ನವೆಂಬರ್ 2ರಂದು ಹಸಿರು ನ್ಯಾಯಮಂಡಳಿ ಅನುಮತಿಯನ್ನು ಎತ್ತಿಹಿಡಿದರೂ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕೇ ಬೇಕು ಎಂದಿತು. 2021ರ ಫೆಬ್ರುವರಿಯಲ್ಲಿ ಶ್ರೀವಿಲ್ಲಿಪುತ್ತೂರು-ಮೇಘಮಲೈ ಹುಲಿ ಮೀಸಲು ಘೋಷಣೆಯಾಯಿತು. ಮರುವರ್ಷದ ಫೆಬ್ರುವರಿಯಲ್ಲಿ ತಮಿಳುನಾಡು ಸರ್ಕಾರ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ, ಮತ್ತಿಕೆಟ್ಟಾನ್-ಪೆರಿಯಾರ್ ಹುಲಿ ಹಾದಿಯ ಕಾರಣ ಕೊಟ್ಟು, ಯೋಜನೆಗೆ ಅವಕಾಶ ಕೊಡುವುದಿಲ್ಲ ಎಂದು ಹೇಳಿತು. ಇತ್ತ ಮದುರೈಯಲ್ಲಿ ಅದೇ ಉಪಕರಣದ 85 ಟನ್ ತೂಕದ ಮರಿ ಮಾದರಿ 2018ರಿಂದ ಮ್ಯೂಯಾನ್‌ಗಳನ್ನು ಎಣಿಸತೊಡಗಿತು. ಅದು ನಿಂತಿರುವುದು ನೆಲದ ಮೇಲೆ, ಬಯಲುಸೀಮೆಯ ಒಂದು ಕಟ್ಟಡದೊಳಗೆ.